ನನ್ನಂಥವನನ್ನು ದೇವರು ಹೇಗೆ ಪ್ರೀತಿಸಿಯಾನು?

ಪ್ರಾರ್ಥನೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಯಾರಾದರೊಬ್ಬರು ನನ್ನ ಪಕ್ಕಕ್ಕೆ ಸರಿದು ಕೇಳುತ್ತಾರೆ: "ದೇವರು ಪ್ರೀತಿಸ್ವರೂಪಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ ನನ್ನಂಥವನನ್ನು ಹೇಗೆ ಪ್ರೀತಿಸಿಯಾನು? ಆ ಯೋಗ್ಯತೆ ನನಗೆಲ್ಲಿದೆ?" ದನಿ ತಗ್ಗಿಸಿ ಕೇಳುವುದರಿಂದ ಇದು ದೀನತೆಯ ಮಾತೆಂದೇ ತೋರುತ್ತದೆ. ಬಹಳ ವರ್ಷ ನಾನೂ ಹಾಗೇ ತಿಳಿದಿದ್ದೆ. ಈಗ ಅದರಲ್ಲಿ ನನಗೆ ಸ್ವಲ್ಪ ಹಟವೂ ಕಾಣುತ್ತದೆ.

ಯೋಗ್ಯತೆ ಇಲ್ಲ ಅನ್ನುವುದು ನಿಜವೇ. "ಛೆ, ನೀವು ಒಳ್ಳೆಯವರು" ಎಂದು ಸಮಾಧಾನ ಹೇಳುವ ಅಭ್ಯಾಸ ಬಿಟ್ಟಿದ್ದೇನೆ. ತೊಡಕಿರುವುದು ಆಮೇಲಿನ ಮಾತಿನಲ್ಲಿ: ಯೋಗ್ಯತೆ ಇಲ್ಲ, ಹಾಗಾಗಿ ಅದು ಬಂದ ಮೇಲೆ ನೋಡೋಣ.

ಬೈಬಲಿನ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಇದನ್ನೇ ಮಾಡುತ್ತಾನೆ. ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತ ಬರುತ್ತಾನೆ. ಪೇತ್ರ ಒಪ್ಪುವುದಿಲ್ಲ: ನೀನು ನನ್ನ ಕಾಲು ಎಂದಿಗೂ ತೊಳೆಯಕೂಡದು. ಕೇಳಿದರೆ ಎಂಥ ಗೌರವದ ಮಾತು! ಆದರೆ ಯೇಸು ಅದನ್ನು ಮೆಚ್ಚಿಕೊಳ್ಳಲಿಲ್ಲ. ನಾನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅಂದುಬಿಟ್ಟ. ಪೇತ್ರ ತಟ್ಟನೆ ಇನ್ನೊಂದು ತುದಿಗೆ ಜಿಗಿದು, ಹಾಗಾದರೆ ಕೈಯನ್ನೂ ತಲೆಯನ್ನೂ ತೊಳೆ ಅನ್ನುತ್ತಾನೆ. ಮೊದಲು ಬೇಡ, ಆಮೇಲೆ ಅತಿ. ಎರಡರಲ್ಲೂ ಎಷ್ಟು ಬೇಕೆಂದು ಹೇಳುವವನು ಪೇತ್ರನೇ. ಅವನಿಂದ ಕೇಳಿದ್ದು ಕಾಲು ಚಾಚಿ ಸುಮ್ಮನೆ ಕೂರುವುದಷ್ಟೇ. (ಯೇಸುವನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದ ಎದ್ದು ಹೋದದ್ದು ಇದಾದ ಮೇಲೆ. ಅವನ ಕಾಲನ್ನೂ ಆತ ತೊಳೆದಿದ್ದ.)

ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ಕಾಲು ಮುರಿದುಕೊಂಡು ಮಲಗಿದ್ದಾಗ. ತಮ್ಮ ಬಿಸಿನೀರು ತಂದು ಮೈ ಒರೆಸುತ್ತಿದ್ದ. "ಬಿಡೋ, ನಾನೇ ಮಾಡ್ಕೋತೀನಿ" ಎಂದು ದಿನಾ ರೇಗುತ್ತಿದ್ದೆ. ಒಂದು ದಿನ ಅವನು ಬಟ್ಟೆ ಹಿಂಡುತ್ತ, "ಅಣ್ಣ, ನಿನಗೆ ನೋವಾಗ್ತಿದೆಯೋ, ನಾಚಿಕೆ ಆಗ್ತಿದೆಯೋ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ. ತಿರುಗಿ ಕೊಡಲಾಗದ್ದನ್ನು ತೆಗೆದುಕೊಳ್ಳುವುದು ನನಗೆ ಸಾಲದ ಹಾಗೆ ಕಾಣುತ್ತಿತ್ತು.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಕಿರಿಮಗನಿಗೂ ಇದೇ ಲೆಕ್ಕ. ಅಪ್ಪನಿಂದ ಪಾಲು ತೆಗೆದುಕೊಂಡು ದೂರ ಹೋಗಿ, ಎಲ್ಲವನ್ನೂ ಹಾಳುಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಬಂದವನು ಅವನು. ಹಂದಿ ಮೇಯಿಸುವ ಕಡೆಯೇ ಕೂತು ಅಪ್ಪನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಮನೆ ಹತ್ತಿರ ಬಂದಾಗ ಮೊದಲೆರಡು ಮಾತು ಬಾಯಿಂದ ಬರುತ್ತವೆ. ಕೂಲಿಯ ಮಾತು ಬರುವುದೇ ಇಲ್ಲ. ಅಪ್ಪ ಆಗಲೇ ಓಡಿ ಬಂದು ತಬ್ಬಿದ್ದಾನೆ, ಮಾತು ಪೂರ್ತಿಯಾಗುವ ಮೊದಲೇ ಉಡುಪು ತರಲು ಆಳುಗಳಿಗೆ ಹೇಳುತ್ತಿದ್ದಾನೆ. ತಪ್ಪೊಪ್ಪಿಗೆಯನ್ನು ಅಪ್ಪ ಕೇಳಿಸಿಕೊಂಡ, ಒಪ್ಪಂದಕ್ಕೆ ಎಡೆ ಕೊಡಲಿಲ್ಲ. ಕೂಲಿಯವನಾಗಿದ್ದರೆ ಮಗನಿಗೆ ಹಗುರವಾಗುತ್ತಿತ್ತೇನೋ: ದುಡಿದೆ, ತಿಂದೆ, ಋಣ ತೀರಿತು.

ಹಾಗಾದರೆ ಹೇಗೆ ಬೇಕಾದರೂ ಬದುಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಆ ಮಗ ಮರುದಿನವೇ ಚೀಲ ಕಟ್ಟಿಕೊಂಡು ಮತ್ತೆ ಹೊರಟನೆಂದು ನನಗನ್ನಿಸುವುದಿಲ್ಲ. ಇದಕ್ಕಿಂತ ಹೆಚ್ಚಿನ ವಾದ ನನ್ನಲ್ಲಿಲ್ಲ.

1897ರಲ್ಲಿ, 24ನೇ ವಯಸ್ಸಿಗೆ ತೀರಿಕೊಂಡ ಫ್ರಾನ್ಸಿನ ಸನ್ಯಾಸಿನಿ, ಲಿಸಿಯೋದ ಸಂತ ತೆರೇಸಾ, ಹೀಗೆ ಸುಮ್ಮನೆ ತೆಗೆದುಕೊಳ್ಳುವುದಕ್ಕೆ ಲಿಫ್ಟಿನ ಹೋಲಿಕೆ ಕೊಟ್ಟಳು. ಆಗ ಲಿಫ್ಟು ಶ್ರೀಮಂತರ ಮನೆಗಳಲ್ಲಿದ್ದ ಹೊಸ ಸೌಕರ್ಯ. ಪರಿಪೂರ್ಣತೆಯ ಮೆಟ್ಟಿಲು ಹತ್ತಲು ತಾನು ತೀರಾ ಚಿಕ್ಕವಳು, ಯೇಸುವಿನ ತೋಳುಗಳೇ ತನ್ನನ್ನು ಮೇಲಕ್ಕೊಯ್ಯುವ ಲಿಫ್ಟು, ಅದಕ್ಕಾಗಿ ದೊಡ್ಡವಳಾಗಬೇಕಿಲ್ಲ, ಚಿಕ್ಕವಳಾಗಿಯೇ ಉಳಿಯಬೇಕು ಅನ್ನುತ್ತಾಳೆ. ಇಂಥ ಮಾತು ಬರೆದವಳನ್ನು 1997ರಲ್ಲಿ ಕಥೋಲಿಕ ಧರ್ಮಸಭೆ ತನ್ನ ಮಹಾಪಂಡಿತರ ಸಾಲಿಗೆ ಸೇರಿಸಿತು.

ಇಷ್ಟು ಹೇಳಿದ ಮೇಲೂ "ಸರಿ, ಈಗ ಏನು ಮಾಡಲಿ?" ಎಂದು ಕೇಳಿದರೆ, ಮಾಡುವುದು ಕಡಿಮೆಯೇ. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಮೊದಲು ಬೇಡಿಕೆ ಇಡುವುದಿಲ್ಲ, ಮಾತು ಕೊಡುವುದೂ ಇಲ್ಲ. ಯಾರಿಗೂ ತೋರಿಸಬಾರದೆಂದು ಮುಚ್ಚಿಟ್ಟ ಯಾವುದಾದರೂ ಒಂದನ್ನು, ನೆಪ ಹೇಳದೆ, ಆತನ ಮುಂದಿಡುತ್ತೇನೆ. ಆಮೇಲೆ ಐದು ನಿಮಿಷ ಎದ್ದು ಹೋಗದೆ ಕೂರುತ್ತೇನೆ. ಹೆಚ್ಚಿನ ದಿನ ಏನೂ ಅನ್ನಿಸುವುದಿಲ್ಲ. ಮೂರನೇ ನಿಮಿಷಕ್ಕೆ, ಇವತ್ತು ಇಂಥ ಒಳ್ಳೆಯ ಕೆಲಸ ಮಾಡಿ ಸರಿದೂಗಿಸುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಕೂಲಿಯ ಮಾತು. ಅದನ್ನು ನುಂಗಿಕೊಂಡು ಉಳಿದೆರಡು ನಿಮಿಷ ಅಲ್ಲೇ ಕೂತಿರುತ್ತೇನೆ.