ಒಂಬತ್ತನೇ ಕ್ಲಾಸಿಗೆ ಹಾಸ್ಟೆಲ್ ಶಾಲೆಗೆ ಹಾಕಬಹುದಾ?

ಮಾರ್ಚ್ ಬಂತೆಂದರೆ ಈ ಪ್ರಶ್ನೆ ಶುರು. "ಟೀಚರ್, ಮಗನಿಗೆ ಎಂಟು ಮುಗೀತದೆ. ಒಂಬತ್ತಕ್ಕೆ ಹಾಸ್ಟೆಲ್ ಇರುವ ಶಾಲೆಗೆ ಹಾಕಿದ್ರೆ ಆಗ್ಬಹುದಾ?" ಉಡುಪಿಯ ರಥಬೀದಿಯಲ್ಲಿ ಸಿಕ್ಕವರೂ ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಮಗು ಮನಸ್ಸಾರೆ ಹೂಂ ಅಂದಿದ್ದರೆ, ಜೂನ್ ಶುರುವಿಗೇ ಸೇರುವುದಾದರೆ ಖಂಡಿತ ಆಗಬಹುದು. ಹತ್ತಕ್ಕೆ ಮಾತ್ರ ಬೇಡ.

ಸಿಬಿಎಸ್‌ಇಯಲ್ಲಿ ಹತ್ತರ ಬೋರ್ಡ್ ಪರೀಕ್ಷೆಗೆ ಒಂಬತ್ತರಲ್ಲೇ ನೋಂದಣಿ ಆಗುತ್ತದೆ. ಸ್ಟೇಟ್ ಸಿಲೆಬಸ್‌ನಲ್ಲಿ ಒಂಬತ್ತು ಓದಿದವರಿಗೆ ಅಲ್ಲಿ ನೇರ ಹತ್ತು ಸಿಗುವುದಿಲ್ಲ. ಸ್ಟೇಟ್‌ನಿಂದ ಸ್ಟೇಟ್‌ಗೇ ಹೋಗುವುದಾದರೂ ಭಾಷೆ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ ತಲಾ 100. ಇಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಮಗುವಿಗೆ ಅಲ್ಲಿ ಆ ಜಾಗದಲ್ಲಿ ಸಂಸ್ಕೃತವೋ ಇಂಗ್ಲಿಷೋ ಸಿಕ್ಕರೆ ಆ 125 ಭಾರವಾಗುತ್ತದೆ.

ಕೆಲವರಿಗೆ ನವೋದಯದ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯ ಆಸೆ. ದಕ್ಷಿಣ ಕನ್ನಡದವರಿಗೆ ಮುಡಿಪು, ಉಡುಪಿಯವರಿಗೆ ಚೇರ್ಕಾಡಿ. ಮುಖ್ಯ ಪ್ರವೇಶ ಆರನೇ ತರಗತಿಗೆ; ಒಂಬತ್ತಕ್ಕೆ ಖಾಲಿಯಾದ ಸೀಟುಗಳಷ್ಟೇ. ಗಣಿತ, ವಿಜ್ಞಾನಕ್ಕೆ 35ರಂತೆ, ಇಂಗ್ಲಿಷ್, ಹಿಂದಿಗೆ 15ರಂತೆ ಪರೀಕ್ಷೆ. ಎಂಟರಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬೇಕು. ಮಾರ್ಚಿನಲ್ಲಿ ಯೋಚಿಸಿದರೆ ತಡವಾಯಿತು.

ಮಕ್ಕಳಿಗೆ ನಿಜವಾಗಿ ಕಷ್ಟವಾಗುವುದು ಪಾಠವಲ್ಲ ಮಾರಾಯ್ರೆ. ಆರನೇ ಕ್ಲಾಸಿನಿಂದ ಒಟ್ಟಿಗಿದ್ದವರಿಗೆ ಊಟದ ಮೇಜು, ಆಟದ ತಂಡ, ಮಂಚದ ಪಕ್ಕದವನು ಎಲ್ಲ ಆಗಲೇ ನಿಶ್ಚಯವಾಗಿರುತ್ತದೆ. ಹೊಸಬ ನಡುವೆ ಹೋಗಿ ಜಾಗ ಮಾಡಿಕೊಳ್ಳಬೇಕು, ಅದೂ ಈ ಪ್ರಾಯದಲ್ಲಿ. ದಸರಾ ರಜೆ ಕಳೆದು ಸೇರಿದವರಿಗೆ ಇನ್ನೂ ಕಷ್ಟ. ಜೂನ್‌ನಲ್ಲಾದರೆ ಬೇರೆ ಹೊಸಬರೂ ಇರುತ್ತಾರೆ.

ಹಾಸ್ಟೆಲ್ ನೋಡಲು ನಾವು ಹೋಗುವುದು ಏಪ್ರಿಲ್, ಮೇಯಲ್ಲಿ. ಆಗ ಎಲ್ಲವೂ ಒಣಗಿ ಚೆನ್ನಾಗಿ ಕಾಣುತ್ತದೆ. ಜುಲೈ ಮಳೆಯಲ್ಲಿ ಯೂನಿಫಾರ್ಮ್ ಎಲ್ಲಿ ಒಣಗಿಸ್ತೀರಿ ಅಂತ ಕೇಳಿ. ಊಟಕ್ಕೆ ಕುಚ್ಚಲಕ್ಕಿಯೋ ಬೆಳ್ತಿಗೆ (ಬಿಳಿ) ಅಕ್ಕಿಯೋ ಕೇಳಿ, ಮನೆಯ ಅನ್ನ ಬದಲಾದರೆ ಕೆಲವು ಮಕ್ಕಳು ಸರಿಯಾಗಿ ಉಣ್ಣುವುದೇ ಇಲ್ಲ. ಮಗಳಾದರೆ, ರಾತ್ರಿ ಮುಟ್ಟಿನ ಹೊಟ್ಟೆನೋವು ಬಂದರೆ ಯಾರ ಬಾಗಿಲು ಬಡಿಯಬೇಕು ಅಂತ ವಾರ್ಡನ್ ಹತ್ತಿರ ಅವಳ ಎದುರೇ ಕೇಳಿ. ಈ ಪ್ರಶ್ನೆಗೆ ಮುಜುಗರಪಡುವ ಹಾಸ್ಟೆಲ್ ನನಗಂತೂ ಬೇಡ.

"ಮನೆಯಲ್ಲಿದ್ದರೆ ಬರೀ ಮೊಬೈಲು, ಅದಕ್ಕೆ ಹಾಕ್ತೇವೆ" ಅನ್ನುವವರ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಮಗುವಿಗೆ ಅದು ಶಿಕ್ಷೆಯಾಗಿಯೇ ತಾಗುತ್ತದೆ.

ಸೇರಿಸಿದ ಮೇಲೂ ಹಳೆಯ ಶಾಲೆಯ ಹೆಡ್‌ಮಾಸ್ಟರರ ಸಂಪರ್ಕ ಬಿಡಬೇಡಿ. ದಸರಾಕ್ಕೆ ಮಗು ಮನೆಗೆ ಬಂದಾಗ "ಹೇಗುಂಟು?" ಅಂತ ಕೇಳಿ, ನಡುವೆ ಬುದ್ಧಿ ಹೇಳದೆ ಪೂರ್ತಿ ಕೇಳಿಸಿಕೊಳ್ಳಿ. ಆಗುವುದಿಲ್ಲ ಅಂದರೆ ಒಂಬತ್ತರಲ್ಲೇ ವಾಪಸ್ ಕರೆತನ್ನಿ. ಕಟ್ಟಿದ ಫೀಸಿನ ಲೆಕ್ಕ ಹಾಕಿ ಹತ್ತರವರೆಗೆ ಎಳೆಯಬೇಡಿ.