ಕರಿಯನ ರಾಗಿ ಬಿಸ್ಕತ್ತು, ಪುಟ್ಟಿಯ ಕೋಳಿ ಚೂರು: ಒಂದು ಮಳೆಗಾಲದ ಲೆಕ್ಕ

ಜೂನ್ 8, 2025, ಭಾನುವಾರ

ಕಳೆದ ವಾರ ಸಾಗರ ಪೇಟೆಯಿಂದ ನಾಯಿ ಬಿಸ್ಕತ್ತಿನ ಪ್ಯಾಕೆಟ್ ತಂದಿದ್ದೆ. ಕರಿಯ ಎರಡೇ ದಿನಕ್ಕೆ ಖಾಲಿ ಮಾಡಿದ. ಪ್ಯಾಕೆಟ್ ಹಿಂದೆ ತಿರುಗಿಸಿ ಓದಿದರೆ ಮೊದಲ ಹೆಸರೇ ಗೋಧಿ ಹಿಟ್ಟು. ಹಿಟ್ಟು ನಮ್ಮನೆಯಲ್ಲೂ ಇದೆ, ಓಟಿಜಿ ಅಂದರೆ ಕರೆಂಟಿನ ಪುಟ್ಟ ಓವನ್ನೂ ಇದೆ. ಸರಿ, ನಾನೇ ಮಾಡ್ತೀನಿ ಅಂತ ಹೊರಟೆ.

ಎರಡು ಲೋಟ ರಾಗಿ ಹಿಟ್ಟು, ಬಿಸಿನೀರು, ಹುರಿದು ಅರೆದ ಶೇಂಗಾ ಒಂದು ಚಮಚ. ಉಪ್ಪಿಲ್ಲ, ಬೆಲ್ಲ ಇಲ್ಲ. ಚಪಾತಿ ಹಾಗೆ ಲಟ್ಟಿಸಿ ಬಾಟಲಿ ಮುಚ್ಚಳದಲ್ಲಿ ಕತ್ತರಿಸಿದೆ. 180 ಡಿಗ್ರಿ, 30 ನಿಮಿಷ. ಒಂದು ಕೈಜಾರಿ ನೆಲಕ್ಕೆ ಬಿತ್ತು, ಟಣ್ ಅಂದಿತು. ಅಮ್ಮ ಎತ್ತಿ ನೋಡಿ, 'ಎಂತ ಮಾರಾಯಾ ಇದು, ಹೆಂಚಿನ ಚೂರಾ?' ಎಂದಳು.

ಕರಿಯ ಮರ್ಯಾದಸ್ಥ. ಕೊಟ್ಟಿದ್ದನ್ನು ಬಾಯಲ್ಲಿ ಹಿಡಿದು, ಬಾಲ ಅಲ್ಲಾಡಿಸಿ, ತೆಂಗಿನ ಬುಡಕ್ಕೆ ಹೋಗಿ ಹೂತು ಬಂದ.

ಜೂನ್ 15

ರಾಗಿಯಲ್ಲಿ ಗ್ಲುಟೆನ್ ಇಲ್ಲ. ಗೋಧಿ ಹಿಟ್ಟಿನ ಹಾಗೆ ಅದಕ್ಕೆ ಅಂಟು ಬರುವುದಿಲ್ಲ. ಒಂದೋ ಪುಡಿಪುಡಿ, ಇಲ್ಲ ಕಲ್ಲು. ಎಲ್ಲರೂ ಮೊಟ್ಟೆ ಹಾಕು ಅಂತಾರೆ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ, ಆ ಮಾತು ಎತ್ತುವ ಧೈರ್ಯ ನನಗೂ ಇಲ್ಲ. ಹಾಗಾಗಿ ಅಗಸೆ ಬೀಜದ ಪುಡಿ. ಒಂದು ಚಮಚ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಲೋಳೆ ಆಗುತ್ತದೆ. ಒಂದು ಮೊಟ್ಟೆಯ ಕೆಲಸ ಅದೇ ಮಾಡುತ್ತದೆ.

ಈ ಸಲದ ಅಳತೆ: ರಾಗಿ ಹಿಟ್ಟು ಒಂದು ಲೋಟ, ಗೋಧಿ ಹಿಟ್ಟು ಅರ್ಧ ಲೋಟ, ಬೇಯಿಸಿ ಹಿಸುಕಿದ ಸಿಹಿಗುಂಬಳ ಮುಕ್ಕಾಲು ಲೋಟ, ಅಗಸೆ ಲೋಳೆ, ಅರೆದ ಶೇಂಗಾ ಎರಡು ಚಮಚ. ನೀರು ಒಂದು ಹನಿಯೂ ಬೇಡ, ಕುಂಬಳದ ನೀರೇ ಸಾಕು. 160 ಡಿಗ್ರಿ, 35 ನಿಮಿಷ.

ಕರಿಯ ಹೂಳಲಿಲ್ಲ! ಕರುಂ ಕರುಂ ಅಂತ ಮೂರು ತಿಂದು ನಾಲ್ಕನೆಯದಕ್ಕೆ ಮೊಣಕಾಲಿಗೆ ತಲೆ ಒರಗಿಸಿದ.

ಶೇಂಗಾ ಮನೆಯಲ್ಲೇ ಅರೆಯುವುದಕ್ಕೆ ಕಾರಣ ಇದೆ. ಅಂಗಡಿಯ ಕೆಲವು ಪೀನಟ್ ಬಟರ್‌ಗಳಲ್ಲಿ ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿರುತ್ತಾರೆ. ನಮಗೆ ಏನೂ ಆಗಲ್ಲ. ನಾಯಿಗೆ ಅದು ವಿಷ, ರಕ್ತದ ಸಕ್ಕರೆ ದಿಢೀರ್ ಇಳಿದುಬಿಡುತ್ತದೆ.

ಜೂನ್ 22

ಆರಿದ್ರೆ ಮಳೆ ಶುರು. ಬಿಸ್ಕತ್ತು ಓಟಿಜಿಯಲ್ಲಿದ್ದಾಗಲೇ ಕರೆಂಟ್ ಹೋಯಿತು, ಬಂದಿದ್ದು ಸಂಜೆ. ಅಷ್ಟೊತ್ತಿಗೆ ಎಲ್ಲ ಮೆತ್ತಗೆ ಕೂತಿತ್ತು. ಮತ್ತೆ 20 ನಿಮಿಷ ಬಿಸಿ ಮಾಡಿ ಡಬ್ಬಿಗೆ ತುಂಬಿದೆ. ಇದು ತಪ್ಪಾಯಿತು ಅಂತ ಗೊತ್ತಾಗಿದ್ದು ಆಮೇಲೆ.

ಜೂನ್ 26

ಡಬ್ಬಿ ತೆಗೆದರೆ ಮಣ್ಣಿನ ವಾಸನೆ. ಮೇಲಿನ ಬಿಸ್ಕತ್ತಿನ ಅಂಚಲ್ಲಿ ಹಸಿರು ಬೂಷ್ಟು, ಮುಟ್ಟಿದರೆ ಬೂದಿ ಹಾಗೆ ಹಾರಿತು. ಕೆಳಗಿನವು ನೋಡಲು ಚೆನ್ನಾಗಿಯೇ ಇದ್ದವು. ಒಂದನ್ನು ಮುರಿದೆ. ಟಕ್ ಅನ್ನಲಿಲ್ಲ, ಸುಮ್ನೆ ಬಾಗಿ ಬಿಟ್ಟುಕೊಂಡಿತು. ನಡುವೆ ಇನ್ನೂ ಹಸಿ. 'ಚೆನ್ನಾಗಿರೋದು ಕೊಡು, ನಾಯಿಗೆ ಎಂತ ಆಗ್ತು' ಎಂದಳು ಅಮ್ಮ. ಕೊಡಲಿಲ್ಲ. ಬೂಷ್ಟಿನ ವಿಷ ಕಣ್ಣಿಗೆ ಕಾಣುವ ಹಸಿರಿನಲ್ಲಿ ಮಾತ್ರ ಇರುವುದಿಲ್ಲ. ಅಷ್ಟನ್ನೂ ಒಲೆಗೆ ಹಾಕಿದೆ.

ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಇದು ಬಿಡುತ್ತಾ?

ಜೂನ್ 29

ಹೊಸ ಕ್ರಮ. ದಪ್ಪ ಅರ್ಧಕ್ಕೆ ಇಳಿಸಿದೆ. 160 ಡಿಗ್ರಿಯಲ್ಲಿ 30 ನಿಮಿಷ ಬೇಯಿಸಿ, ತಿರುವಿ ಹಾಕಿ, 100 ಡಿಗ್ರಿಗೆ ಇಳಿಸಿ ಇನ್ನೊಂದು ಮುಕ್ಕಾಲು ಗಂಟೆ. ಆಮೇಲೆ ಆರಿಸಿ ಒಳಗೇ ಬಿಡುವುದು. ಪೂರ್ತಿ ತಣ್ಣಗಾದ ಮೇಲೆ ಒಂದು ಮುರಿದು ನೋಡಬೇಕು, ಟಕ್ ಅಂದರೆ ಮಾತ್ರ ಡಬ್ಬಿಗೆ. ಬಿಸಿ ಇರುವಾಗ ತುಂಬಿದರೆ ಮುಚ್ಚಳದ ಒಳಗೆ ಬೆವರಿ ಮತ್ತೆ ಅದೇ ಕಥೆ. ನಾಲ್ಕು ದಿನಕ್ಕೆ ಬೇಕಾದಷ್ಟು ಫ್ರಿಜ್ಜಿನಲ್ಲಿ, ಉಳಿದಿದ್ದು ಫ್ರೀಜರಿನಲ್ಲಿ.

ಜುಲೈ 6

ಇಷ್ಟು ದಿನ ನಮ್ಮನೆ ಬೆಕ್ಕು ಪುಟ್ಟಿ ದೂರದಿಂದ ನೋಡುತ್ತಿದ್ದಳು. ಇವತ್ತು ಅವಳಿಗೂ ಒಂದು ಚೂರು ಇಟ್ಟೆ. ಮೂಸಿದಳು. ನನ್ನ ಮುಖ ನೋಡಿದಳು. ಆಮೇಲೆ ಬಿಸ್ಕತ್ತಿನ ಸುತ್ತ ಸಿಮೆಂಟ್ ನೆಲವನ್ನು ಮುಂಗಾಲಿನಿಂದ ಕೆರೆಯತೊಡಗಿದಳು, ಗಲೀಜು ಮಾಡಿ ಮಣ್ಣು ಮುಚ್ಚುವಾಗ ಮಾಡುತ್ತಾಳಲ್ಲ, ಹಾಗೇ. ಮನೆಯಲ್ಲಿ ಇಬ್ಬರೂ ನನ್ನ ಅಡುಗೆ ಹೂಳುವವರೇ ಆದರು.

ಅವಳದ್ದು ತಪ್ಪಿಲ್ಲ ಬಿಡಿ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿ ಗುರುತಿಸುವ ಒಂದು ಜೀನ್ ಅದಕ್ಕೆ ಕೆಟ್ಟಿದೆ ಅಂತ 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಕುಂಬಳದ ಸಿಹಿ ಅವಳ ಪಾಲಿಗೆ ಇಲ್ಲವೇ ಇಲ್ಲ. ನಾಯಿ ಅನ್ನ, ಮುದ್ದೆ ಅರಗಿಸಿಕೊಳ್ಳುತ್ತದೆ. ಬೆಕ್ಕಿಗೆ ಮಾಂಸ ಬೇಕೇ ಬೇಕು. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಇಷ್ಟು ವರ್ಷ ನಮ್ಮನೆ ಬೆಕ್ಕುಗಳು ಹಾಲನ್ನದಲ್ಲೇ ಬದುಕಿದವು ಅಂತ ಅಮ್ಮ ವಾದ ಮಾಡಿದಳು. ಬದುಕಿಸಿದ್ದು ಹಾಲನ್ನವೋ ಅಟ್ಟದ ಇಲಿಯೋ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಜುಲೈ 13

ಒಪ್ಪಂದ ಆಯಿತು. ಕೋಳಿ ತರಬಹುದು, ಆದರೆ ಓಟಿಜಿ, ಒಂದು ಪಾತ್ರೆ, ಒಂದು ಚಾಕು ಕೊಟ್ಟಿಗೆ ಪಕ್ಕದ ಸೌದೆಮನೆಗೆ ಹೋಗಬೇಕು. ಒಮ್ಮೆ ಹೋದದ್ದು ವಾಪಸ್ ಒಳಗೆ ಬರುವ ಹಾಗಿಲ್ಲ. ಓಟಿಜಿ ಹೊತ್ತುಕೊಂಡು ಮಳೆಯಲ್ಲಿ ಅಂಗಳ ದಾಟಿದೆ. ಕರಿಯ ಹಿಂದೆ, ಪುಟ್ಟಿ ಜಗಲಿಯಿಂದ ನೋಟ.

ಮೊದಲು ಸಂತೆಯ ಒಣಮೀನು ಸಾಕು ಅಂದುಕೊಂಡಿದ್ದೆ, ಸುಲಭ ಅಲ್ವಾ. ಅದರ ತುಂಬ ಉಪ್ಪು, ಬಿಟ್ಟೆ. ಚರ್ಮ, ಮೂಳೆ ಇಲ್ಲದ ಕೋಳಿ ಎದೆಭಾಗ ಕಾಲು ಕಿಲೋ ತಂದೆ. ಬರೀ ನೀರಲ್ಲಿ 20 ನಿಮಿಷ ಬೇಯಿಸಿದೆ. ಹಸಿ ಮಾಂಸವನ್ನು ನೇರ ಒಣಗಿಸಬಾರದು. ಮೊದಲು ಒಳಗೆ 74 ಡಿಗ್ರಿ ಮುಟ್ಟುವ ಹಾಗೆ ಬೇಯಬೇಕು, ಇಲ್ಲದಿದ್ದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಉಳಿಯಬಹುದು. ಬೆಂದದ್ದನ್ನು ಎಳೆ ಹಿಡಿದು ಸೀಳಿ, ತಟ್ಟೆಯಲ್ಲಿ ಹರಡಿ, 100 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟೆ. ಬಾಗಿಲಿಗೆ ಚಮಚ ಸಿಕ್ಕಿಸಿ ಸ್ವಲ್ಪ ತೆರೆದಿಟ್ಟಿದ್ದೆ, ಹಬೆ ಹೋಗಲಿ ಅಂತ.

ಪುಟ್ಟಿ ಕೆರೆಯಲಿಲ್ಲ. ತಿಂದು ತಟ್ಟೆ ನೆಕ್ಕಿ, ಖಾಲಿ ತಟ್ಟೆಯನ್ನು ಸೌದೆಮನೆ ತುಂಬ ತಳ್ಳಿಕೊಂಡು ಹೋದಳು.

ಜುಲೈ 20

ಪಶು ಆಸ್ಪತ್ರೆಗೆ ಲಸಿಕೆಗೆ ಹೋದಾಗ ಡಾಕ್ಟರ ಹತ್ತಿರ ಲೆಕ್ಕ ಕೇಳಿದೆ. ದಿನದ ಕ್ಯಾಲರಿಯಲ್ಲಿ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ತಿಂಡಿ ಬೇಡ ಎಂದರು. ಕರಿಯ 18 ಕಿಲೋ, ಅವನಿಗೆ ದಿನಕ್ಕೆ ಸುಮಾರು 900 ಕ್ಯಾಲರಿ ಅಂತ ಇಟ್ಟುಕೊಂಡರೆ ತಿಂಡಿಗೆ 90. ನನ್ನ ಬಿಸ್ಕತ್ತು ಒಂದಕ್ಕೆ 30ರ ಆಸುಪಾಸು, ಹಾಗಾಗಿ ಮೂರು. ನಾಲ್ಕನೆಯದಕ್ಕೆ ತಲೆ ಒರಗಿಸಿದರೂ ಇಲ್ಲ. ಪುಟ್ಟಿ 4 ಕಿಲೋ, ಅವಳ ಪಾಲು ಬರೀ 20 ಕ್ಯಾಲರಿ. ಒಣಗಿದ ಕೋಳಿ ನಾಲ್ಕು ಗ್ರಾಂ, ಅಂದರೆ ಬೆರಳುದ್ದದ ನಾಲ್ಕೈದು ಎಳೆ. ನಾನು ಇಷ್ಟು ದಿನ ಹಿಡಿಗಟ್ಟಲೆ ಕೊಡುತ್ತಿದ್ದೆ.

ಬೇಡದ್ದರ ಪಟ್ಟಿಯಲ್ಲಿ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಬೆಂದ ಮೂಳೆ ಇದ್ದವು, ಅವು ನಮ್ಮಲ್ಲಿ ಅಪರೂಪ. ಸಿಕ್ಕಿಹಾಕಿಕೊಂಡಿದ್ದು ಈರುಳ್ಳಿ, ಬೆಳ್ಳುಳ್ಳಿಯಲ್ಲಿ. ಎರಡೂ ರಕ್ತದ ಕೆಂಪುಕಣ ಒಡೆಯುತ್ತವಂತೆ, ಬೆಕ್ಕಿಗೆ ಇನ್ನೂ ಬೇಗ. ನಮ್ಮ ಕಡೆ ನಾಯಿ ಊಟ ಅಂದರೆ ಉಳಿದ ಅನ್ನಕ್ಕೆ ಉಳಿದ ಹುಳಿ. ಬಿಸ್ಕತ್ತಿಗೆ ಉಪ್ಪು ಹಾಕದೆ ಮಡಿ ಮಾಡುವ ನಾನು, ರಾತ್ರಿ ಈರುಳ್ಳಿ ಹುಳಿ ಅನ್ನ ಸುರಿಯುತ್ತಿದ್ದೆ.

ಆಗಸ್ಟ್ 3

ಇದು ಆರನೇ ಸಲ. ಬಿಸ್ಕತ್ತು 34, ಎರಡು ಸೀದಿವೆ. ಫ್ರಿಜ್ಜಿನಿಂದ ತೆಗೆದರೆ ಹತ್ತು ನಿಮಿಷಕ್ಕೆ ಮೆತ್ತಗಾಗುವ ರಗಳೆ ಹೋಗಿಲ್ಲ. ಬಿಸಿ ಕಾವಲಿ ಮೇಲೆ ಎರಡು ನಿಮಿಷ ಇಟ್ಟು ಕೊಡುತ್ತಿದ್ದೇನೆ. ಪುಟ್ಟಿಗೆ ಮುಂದಿನ ವಾರ ಬೇಯಿಸಿ ಮುಳ್ಳು ಬಿಡಿಸಿದ ಮೀನು ಮಾಡಿ ನೋಡಬೇಕು.

ಅಮ್ಮ ಸೌದೆಮನೆ ಕಡೆ ಇನ್ನೂ ಕಾಲಿಡುವುದಿಲ್ಲ. ಆದರೆ ಹುಳಿಗೆ ಉಪ್ಪು ಖಾರ ಬೀಳುವ ಮೊದಲೇ ಬೆಂದ ಬೇಳೆ ಒಂದು ಸೌಟು ಬೇರೆ ಬಟ್ಟಲಲ್ಲಿ ಇರುತ್ತದೆ. ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಎಂಟು ಗಂಟೆಗೆ ಕರಿಯ ಆ ಬಟ್ಟಲಿನ ಎದುರು ಹೋಗಿ ಕೂರುತ್ತಾನೆ.