ಬೀದರಿನ ಚಿಗರಿ, ಬೋನಾಳದ ಬಾತು: ಕ್ಯಾಮೆರಾ ಹೊತ್ತು ಹೊರಡುವವರಿಗೆ

ಬೀದರಿನಲ್ಲಿ ರೂಮು ಹಿಡಿಯುವಾಗ ಬಿಸಿನೀರು, ಟಿವಿ, ಪಾರ್ಕಿಂಗ್ ಎಲ್ಲ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು ಒಂದೇ: ‘ಮುಂಜಾನಿ ಐದಕ್ಕ ಗೇಟ್ ಯಾರು ತೆಗೀತಾರ್ರಿ?’ ಬಸ್ ಸ್ಟ್ಯಾಂಡ್ ಕಡೆಯ ಒಂದು ಲಾಡ್ಜಿನಲ್ಲಿ, ಬೇರೆ ದಿನ 900ಕ್ಕೆ ಸಿಗುವ ರೂಮಿಗೆ 1,800 ಕೊಟ್ಟು, ನಾಲ್ಕೂ ಮುಕ್ಕಾಲಿಗೆ ಬ್ಯಾಗು ಹೆಗಲಿಗೇರಿಸಿ ಕೆಳಗಿಳಿದರೆ ಗ್ರಿಲ್ಲಿಗೆ ಬೀಗ. ಕೀಲಿ ಮ್ಯಾನೇಜರರ ಮನೆಯಲ್ಲಿ. ಬೀಗ ತೆಗೆದಾಗ ಆರೂವರೆ. ನವೆಂಬರಿನಲ್ಲಿ ಬೀದರಿನ ಸೂರ್ಯ ಹುಟ್ಟುವುದೂ ಆರೂವರೆಯ ಆಸುಪಾಸಿಗೇ. ಊರು ದಾಟಿ ಹುಲ್ಲುಗಾವಲು ಮುಟ್ಟುವಷ್ಟರಲ್ಲಿ ಬಂಗಾರದ ಬೆಳಕೆಲ್ಲ ಸೋರಿಹೋಗಿ, ಚಿಗರಿಗಳು, ಅಂದರೆ ಕೃಷ್ಣಮೃಗಗಳು, ರಸ್ತೆ ಬಿಟ್ಟು ಒಳಗೆ ಸರಿದಿರುತ್ತವೆ. ರೊಕ್ಕ ಹೋದದ್ದಕ್ಕಿಂತ ಅದೇ ಹೆಚ್ಚು ಉರಿಯುತ್ತದೆ.

ರೇಟು ಎರಡು ಪಟ್ಟಾಗಲು ಕಾರಣವಿದೆ. ಕಾರ್ತಿಕ ಹುಣ್ಣಿಮೆಗೆ ಗುರುನಾನಕ್ ಜಯಂತಿ; ಇಲ್ಲಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ತೆಲಂಗಾಣ, ಮಹಾರಾಷ್ಟ್ರ, ಪಂಜಾಬಿನಿಂದ ಜನ ಬರುತ್ತಾರೆ. ಆ ವಾರ ಬೀದರಿನಲ್ಲಿ ಉಳಿಯಲೇಬೇಡಿ. ಇನ್ನೊಂದು ಮಾತು: ‘24 ತಾಸಿನ ಚೆಕ್‌ಔಟ್’ ಎಂಬ ಬೋರ್ಡು ನಂಬಿ ಮಧ್ಯಾಹ್ನ ಎರಡಕ್ಕೆ ಒಳಹೊಕ್ಕರೆ, ಮರುದಿನ ಹತ್ತಕ್ಕೇ ಬಾಗಿಲು ಬಡಿಯುವವರೂ ಇದ್ದಾರೆ. ಒಳಹೊಕ್ಕ ಹೊತ್ತನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

ಬೀದರಿನ ಸುತ್ತಲ ನೆಲ ಜಂಬಿಟ್ಟಿಗೆಯ ಎತ್ತರದ ಬಯಲು. ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯದ ಅಂಚು, ಅದಕ್ಕೆ ತಾಗಿದ ಹುಲ್ಲುಗಾವಲು, ಹೊಲಗಳಲ್ಲಿ ಚಿಗರಿಗಳು ಸಿಗುತ್ತವೆ. ಚಿಗರಿಗೆ ಎರಡು ಕಾಲಿನ ಮೇಲೆ ನೇರ ನಡೆದು ಬರುವ ಮನುಷ್ಯ ಎಂದರೆ ಆಗದು. 200 ಮೀಟರ್ ದೂರದಿಂದಲೇ ಹಿಂಡು ಜಿಗಿಯುತ್ತದೆ. ಎತ್ತಿನ ಬಂಡಿ, ಟ್ರ್ಯಾಕ್ಟರ್ ಬಂದರೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗುತ್ತದೆ. ಹಾಗಾಗಿ ಬೆನ್ನಟ್ಟುವ ಗೊಡವೆ ಬೇಡ, ಕಾಯಿರಿ. ಗಂಡು ಚಿಗರಿ ತನ್ನ ಜಾಗದಲ್ಲಿ ಒಂದೇ ಕಡೆ ಹಿಕ್ಕೆ ಹಾಕುತ್ತದೆ. ಒಣಗಿದ ಹಿಕ್ಕೆಯ ಮೇಲೆ ಹಸಿ ಹಿಕ್ಕೆ ಬಿದ್ದ ಗುಡ್ಡೆ ಕಂಡರೆ ಆ ಗಂಡು ಈಗಲೂ ಅಲ್ಲೇ ಸುತ್ತುತ್ತಿದೆ ಎಂದರ್ಥ. ಅದರಿಂದ 80ರಿಂದ 100 ಮೀಟರ್ ದೂರದಲ್ಲಿ, ಸೂರ್ಯ ಬೆನ್ನಿಗೆ ಬರುವಂತೆ, ಒಂದು ಜಾಲಿ ಗಿಡವನ್ನೋ ಬದುವನ್ನೋ ಮರೆಮಾಡಿಕೊಂಡು ಬೆಳಕು ಹರಿಯುವ ಮೊದಲೇ ಕೂತುಬಿಡಿ. ಒಂದು ತಾಸು ಅಲುಗದೆ ಕೂತರೆ ಅದಾಗಿಯೇ ಬರುತ್ತದೆ. ಕೂರಲಾರದವರಿಗೆ ಈ ಪ್ರವಾಸ ಸುಖವಿಲ್ಲ. ನಾಲ್ಕು ಜನ ಒಂದೇ ಕಾರಿನಲ್ಲಿ ಮಾತಾಡುತ್ತ ಬರುವುದಾದರೆ ಕೋಟೆ ನೋಡಿ ಹೋಗುವುದೇ ಒಳ್ಳೆಯದು.

ಲೆನ್ಸು 400 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಚಿತ್ರದಲ್ಲಿ ಹುಲ್ಲೇ ಹೆಚ್ಚು. 150-600 ಅಥವಾ 200-500 ಜೂಮ್ ಸಾಕು, ಜೇಬೂ ತಡೆಯುತ್ತದೆ. ನಿಂತ ಪ್ರಾಣಿಗೆ ಶಟರ್ ವೇಗ 1/800 ಸೆಕೆಂಡ್, ಜಿಗಿಯುವಾಗ 1/2000ಕ್ಕಿಂತ ನಿಧಾನ ಬೇಡ. ದೊಡ್ಡ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬೆಳ್ಳಗೆ. ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸಿ ಬಿಳಿಯನ್ನು ಸುಟ್ಟುಹಾಕುತ್ತದೆ. ಎಕ್ಸ್‌ಪೋಷರನ್ನು ಮೈನಸ್ 0.7ಕ್ಕೆ ಇಳಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ, ಕಪ್ಪು ಭಾಗವನ್ನು ಮನೆಗೆ ಬಂದು ಬೆಳಗಿಸಿಕೊಳ್ಳಿ. ಒಂಬತ್ತೂವರೆ ದಾಟಿದ ಮೇಲೆ ನೆಲದಿಂದ ಝಳ ಏಳುತ್ತದೆ. ವ್ಯೂಫೈಂಡರಿನಲ್ಲಿ ಗೊತ್ತಾಗದಿದ್ದರೂ ದೂರದ ಚಿತ್ರವೆಲ್ಲ ನೀರಿನೊಳಗಿಂದ ತೆಗೆದಂತೆ ಅದುರಿರುತ್ತದೆ. ಎಷ್ಟೋ ಜನ ಫೋಕಸ್ ಕೆಟ್ಟಿದೆ ಎಂದು ಲೆನ್ಸನ್ನು ಸರ್ವಿಸಿಗೆ ಕೊಡುತ್ತಾರೆ. ಲೆನ್ಸಿನ ತಪ್ಪಲ್ಲ ಅದು, ಬಿಸಿಲಿನದು. ಮಾರ್ಚ್ ಆದರೆ ಎಂಟೂವರೆಗೇ ಅಂಗಡಿ ಮುಚ್ಚಿ.

ಟ್ರೈಪಾಡ್ ಭಾರ ಹೊರಬೇಡಿ. ಗಟ್ಟಿ ಬಟ್ಟೆಯ ಖಾಲಿ ಚೀಲ ಒಂದು ತನ್ನಿ, ಯಾವುದಾದರೂ ಕಿರಾಣಿ ಅಂಗಡಿಯಲ್ಲಿ ಎರಡು ಕಿಲೋ ಜೋಳ ತುಂಬಿಸಿಕೊಳ್ಳಿ. ಬದುವಿನ ಮೇಲೆ, ಕಾರಿನ ಕಿಟಕಿಯ ಮೇಲೆ ಎಲ್ಲಿಟ್ಟರೂ ಲೆನ್ಸು ಅಲುಗದೆ ಕೂರುತ್ತದೆ. ಮರಳು ತುಂಬಿದರೆ ದೂಳು ಸೋರಿ ಜೂಮ್ ಉಂಗುರ ಕರಕರ ಅನ್ನುತ್ತದೆ. ವಾಪಸ್ ಹೋಗುವಾಗ ಜೋಳವನ್ನು ಊಟ ಹಾಕಿದವರ ಮನೆಗೆ ಕೊಟ್ಟುಬಿಡಿ.

ಹೊಲಕ್ಕೆ ಕಾಲಿಡುವ ಮೊದಲು ಮಾತಾಡಬೇಕು. ಉದ್ದನೆಯ ಲೆನ್ಸು ಕಂಡರೆ ರೈತರು ಬೆಳೆ ಸಮೀಕ್ಷೆಯವರೋ, ಭೂಸ್ವಾಧೀನದವರೋ ಎಂದುಕೊಳ್ಳುತ್ತಾರೆ. ಕಡಲೆ ಮೊಳಕೆಯೊಡೆದಾಗ ಚಿಗರಿ ಹಿಂಡು ಒಂದೇ ರಾತ್ರಿಯಲ್ಲಿ ಸಾಲುಸಾಲೇ ಮೇಯ್ದುಬಿಡುತ್ತದೆ. ನಮಗೆ ಚೆಂದ ಕಾಣುವ ಪ್ರಾಣಿ ಅವರಿಗೆ ನಷ್ಟ. ‘ಕಾಕಾ, ಬದುವಿನ ಮ್ಯಾಲ ಕುಂದರ್ತೀನ್ರಿ, ಬೆಳಿ ತುಳಿಯಂಗಿಲ್ರಿ’ ಎಂದರೆ ಸಾಕು, ಬಹಳ ಸಲ ಹಿಂಡು ನಿನ್ನೆ ಎಲ್ಲಿತ್ತು ಎಂಬುದನ್ನೂ ಅವರೇ ಹೇಳುತ್ತಾರೆ. ಜೋಳದ ಹೊಲದ ಅಂಚಿಗೆ ಬೇಲಿಯಂತೆ ಬಿತ್ತಿದ ಕುಸುಬೆ ಸಾಲು ಕಂಡರೆ ಬಿಡಬೇಡಿ. ಮುಳ್ಳಿನ ಗಿಡ, ದನ ಬಾಯಿ ಹಾಕುವುದಿಲ್ಲ ಎಂದು ಬಿತ್ತುತ್ತಾರೆ. ಜನವರಿ ಕೊನೆಗೆ ಹೂವಾದಾಗ ಹಳದಿ-ಕಿತ್ತಳೆಯ ಹಿನ್ನೆಲೆ ಪುಕ್ಕಟೆ ಸಿಗುತ್ತದೆ. ಅದರ ಮುಂದಿನ ತಂತಿಯ ಮೇಲೆ ನೀಲಕಂಠ ಕೂತರೆ ಬೇರೆ ಏನೂ ಬೇಡ.

ಎಳ್ಳಮಾಸಿಯ ದಿನ ಮಾತ್ರ ಕ್ಯಾಮೆರಾ ಕೆಳಗಿಡಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಆ ಅಮಾವಾಸ್ಯೆಗೆ ಬೀದರ, ಕಲಬುರಗಿಯ ಊರಿಗೆ ಊರೇ ಭಜ್ಜಿ, ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಇಳಿಯುತ್ತದೆ. ಪ್ರಾಣಿ ಒಂದೂ ಬಯಲಲ್ಲಿ ಉಳಿಯುವುದಿಲ್ಲ. ಕರೆದವರ ಹೊಲದಲ್ಲಿ ಕೂತು ಉಂಡುಬಿಡಿ, ಕರೆಯದೇ ಬಿಡುವವರಂತೂ ಇಲ್ಲ.

ಡ್ರೋನ್ ತರಲೇಬೇಡಿ. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ, ತರಬೇತಿಯ ವಿಮಾನಗಳು ಬೆಳಗಿನಿಂದಲೇ ಹಾರುತ್ತವೆ. ಉದ್ದನೆಯ ಲೆನ್ಸನ್ನು ಆ ಕಡೆ ತಿರುಗಿಸುವುದೂ ತಂಟೆಗೆ ಆಹ್ವಾನ. ಸಂಜೆ ಹೊತ್ತು ಕಳೆಯಲು ಹೋಗುವವರಿಗೆ ಒಂದೇ ಸೂಚನೆ: ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ, 1472ರದ್ದು, ಮುಖ ಪೂರ್ವಕ್ಕೆ. ಉಳಿದಿರುವ ಮಿನಾರಿನ ಬಣ್ಣದ ಹೆಂಚುಗಳು ಬೆಳಗ್ಗೆಯೇ ಹೊಳೆಯುವುದು, ಸಂಜೆ ನೆರಳು.

ಬೀದರಿನಿಂದ ಚಿಂಚೋಳಿ ಕಾಡಿನ ಕಡೆಗೆ ಬಸ್ಸಿನಲ್ಲಿ ಹೋಗುವವರು ಹಿಂದಿನ ಚಕ್ರದ ಮೇಲಿನ ಸೀಟು, ಕೊನೆಯ ಸಾಲು ಎರಡನ್ನೂ ಬಿಡಿ. ಅಲ್ಲಿ ಕೂತವರ ಸೊಂಟದ ಗತಿ ಹಾಗಿರಲಿ, ಲೆನ್ಸನ್ನು ಸುತ್ತಿ ಹಿಡಿಯುವ ಪಟ್ಟಿಯ (ಕಾಲರಿನ) ಸ್ಕ್ರೂಗಳು ಅದುರಿ ಅದುರಿ ಸಡಿಲವಾಗುತ್ತವೆ. ಅರ್ಧ ದಿನದ ಆಮೇಲೆ ಆರು ಸಾವಿರದ್ದೋ ಅರವತ್ತು ಸಾವಿರದ್ದೋ ಲೆನ್ಸು ಪಟ್ಟಿಯಿಂದ ಕಳಚಿ ನೇತಾಡುತ್ತದೆ. ಬ್ಯಾಗು ತೊಡೆಯ ಮೇಲಿರಲಿ, ಮೇಲಿನ ಕಂಬಿಯ ಮೇಲೆ ಬೇಡ. ಜೇಬಿನಲ್ಲಿ ಸರಿಯಾದ ಅಳತೆಯ ಅಲೆನ್ ಕೀ ಇರಲಿ. ಕೆಂಪು ದೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಲೆನ್ಸು ಬದಲಾಯಿಸುವುದು ರೂಮಿನೊಳಗೆ ಮಾತ್ರ, ಫ್ಯಾನ್ ಆರಿಸಿ. ಡಿಸೆಂಬರ್ ಬೆಳಗಿನಲ್ಲಿ ಬೀದರ ಕಡೆ ಚಳಿ ಹತ್ತು ಡಿಗ್ರಿಯ ಹತ್ತಿರಕ್ಕೂ ಇಳಿಯುತ್ತದೆ. ಆ ತಣ್ಣನೆಯ ಕ್ಯಾಮೆರಾವನ್ನು ಜನ ತುಂಬಿದ ಬಸ್ಸಿನೊಳಗೆ ಬಿಚ್ಚಿದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಬ್ಯಾಗಿನ ಜಿಪ್ಪು ಅರ್ಧ ತಾಸು ತೆಗೆಯಬೇಡಿ.

ಚಿಂಚೋಳಿಯಲ್ಲಿ ಜನ ಮೋಸ ಹೋಗುವುದು ಎತ್ತಿಪೋತ ಜಲಪಾತದ ವಿಷಯದಲ್ಲಿ. ಮೊಬೈಲಿನಲ್ಲಿ ಓಡಾಡುವ ಫೋಟೋಗಳೆಲ್ಲ ಆಗಸ್ಟ್, ಸೆಪ್ಟೆಂಬರಿನವು. ಡಿಸೆಂಬರಿನಲ್ಲಿ ಹೋದವರಿಗೆ ಕಾಣುವುದು ಬಂಡೆ, ಅದರ ಮೇಲೆ ಒಂದು ಒದ್ದೆ ಗೆರೆ. ಇನ್ನೊಂದು ಗೊಂದಲ, ಮ್ಯಾಪಿನಲ್ಲಿ ಬರೀ ‘ಎತ್ತಿಪೋತ’ ಎಂದು ಹುಡುಕಿದರೆ ನಾಗಾರ್ಜುನಸಾಗರದ ಹತ್ತಿರದ ಎತ್ತಿಪೋತಲ ಎದ್ದು ಬಂದೀತು. ಚಿಂಚೋಳಿ, ಚಂದ್ರಂಪಳ್ಳಿ ಎಂಬ ಹೆಸರು ಸೇರಿಸಿ ಹುಡುಕಿ. ಮಳೆಗಾಲದಲ್ಲೇ ಹೋಗುವುದಾದರೆ ಪೋಲರೈಸರ್ ಹಾಕಿ ಒದ್ದೆ ಬಂಡೆಯ ಮಿರುಗು ತೆಗೆಯಿರಿ, ನೀರು ಹಾಲಿನಂತೆ ಕಾಣಲು ಬೆಳಕು ತಗ್ಗಿಸುವ ಆರು ಸ್ಟಾಪಿನ ಎನ್‌ಡಿ ಫಿಲ್ಟರ್, ಅರ್ಧ ಸೆಕೆಂಡು. ಪಾಚಿಯ ಮೇಲೆ ಚಪ್ಪಲಿ ನಿಲ್ಲುವುದಿಲ್ಲ.

ಕಾಡಿನ ಬಗ್ಗೆ: ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ, ಹರವು 134.88 ಚದರ ಕಿಲೋಮೀಟರ್. ಬಿಸಿಲು ನಾಡಿನ ನಡುವೆ ಇಷ್ಟು ಕಾಡಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಕತ್ತೆಕಿರುಬ, ತೋಳ, ನರಿ ಇವೆ. ಆದರೆ ಅವು ಹಗಲು ಹೊತ್ತು ಕಾಣಿಸಿಕೊಳ್ಳುವ ಜಾತಿಯಲ್ಲ. ‘ಸಫಾರಿ ಮಾಡಿಸ್ತೀವಿ, ತೋಳ ಗ್ಯಾರಂಟಿ’ ಎಂದು ಜೀಪಿನವರು ಯಾರಾದರೂ ಮೂರು ಸಾವಿರ ಕೇಳಿದರೆ ನಕ್ಕು ಮುಂದೆ ಹೋಗಿ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಅನುಮತಿ ಕೇಳಿ, ಚಂದ್ರಂಪಳ್ಳಿ ಜಲಾಶಯದ ಅಂಚಿನಲ್ಲಿ ಬೆಳಗು ಕಳೆಯಿರಿ. ನೀರಿನ ಅಂಚಿನ ಕೆಸರಿನಲ್ಲಿ ರಾತ್ರಿ ಯಾರು ಬಂದಿದ್ದರು ಎಂಬುದು ಹೆಜ್ಜೆಯಲ್ಲಿ ಬರೆದಿರುತ್ತದೆ. ಓರೆ ಬೆಳಕಿನಲ್ಲಿ, ಪಕ್ಕದಲ್ಲೊಂದು ನಾಣ್ಯವಿಟ್ಟು ತೆಗೆದ ಹೆಜ್ಜೆ ಗುರುತಿನ ಚಿತ್ರ ದೂರದ ಮಸುಕು ನರಿಗಿಂತ ಮೇಲು. ಫೆಬ್ರವರಿಯಲ್ಲಿ ಎಲೆ ಉದುರಿ ಕಾಡು ಬೋಳು. ಹಸಿರು ಬೇಕಾದವರಿಗೆ ಸೆಪ್ಟೆಂಬರ್, ಅಕ್ಟೋಬರ್.

ಅಲ್ಲಿಂದ ಕಲಬುರಗಿ, ಜೇವರ್ಗಿ, ಶಹಾಪುರ ದಾಟಿ ಸುರಪುರ. ಶಹಾಪುರದ ‘ಮಲಗಿದ ಬುದ್ಧ’ ಬೆಟ್ಟವನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು, ಇಳಿಯಬೇಕಾಗಿಲ್ಲ.

ಸುರಪುರದಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಬೋರ್ಡಿಲ್ಲದ ಒಂದು ಖಾನಾವಳಿ ಇದೆ. ತಗಡಿನ ಮಾಡು, ನಾಲ್ಕು ಬೆಂಚು, ಹೊರಗೆ ನೀರಿನ ಡ್ರಮ್ಮು. ಹನ್ನೆರಡೂವರೆಗೆ ಮೊದಲು ಹೋದರೆ ಒಲೆಯಿಂದ ನೇರ ತಟ್ಟೆಗೆ ಬಿಳಿಜೋಳದ ರೊಟ್ಟಿ ಬೀಳುತ್ತದೆ, ಉಬ್ಬಿದ್ದು ಇಳಿಯುವ ಮೊದಲೇ. ಪುಂಡಿಪಲ್ಯದ ಹುಳಿಗೆ ತೊಗರಿಬ್ಯಾಳಿ ಸೇರಿ ಹದವಾಗಿರುತ್ತದೆ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಜೊತೆಗೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕೇಳಿದರೆ ಗಟ್ಟಿ ಮೊಸರು. ರೊಟ್ಟಿಗೆ ಲೆಕ್ಕವಿಲ್ಲ, 80 ರೂಪಾಯಿ. ಮೂರನೆಯ ರೊಟ್ಟಿಗೆ ಕೈ ಅಡ್ಡ ಹಿಡಿದರೆ ಬಡಿಸುವ ಆಯಿ ‘ಇಷ್ಟಾ ಉಂಡು ಆ ಮಷೀನ್ ಹ್ಯಾಂಗ ಹೊರ್ತೀಯೋ ಯಪ್ಪಾ’ ಎಂದು ಇನ್ನೊಂದು ಹಾಕುತ್ತಾರೆ. ಮರುದಿನದ ಬೆಳಗಿನ ಬುತ್ತಿಯನ್ನೂ ಇಲ್ಲೇ ಹೇಳಿ: ನಾಲ್ಕು ಖಡಕ್ ರೊಟ್ಟಿ, ಒಂದು ಪೊಟ್ಟಣ ಹಿಂಡಿ, ಸ್ವಲ್ಪ ಮೊಸರು. ಬೋನಾಳದ ಕೆರೆ ದಂಡೆಯಲ್ಲಿ ತಿಂಡಿ ಸಿಗುತ್ತದೆಂಬ ಭರವಸೆ ಬೇಡ, ಖಡಕ್ ರೊಟ್ಟಿ ಎರಡು ದಿನವಾದರೂ ಕೆಡುವುದಿಲ್ಲ. ಒಂದೇ ದೂರು, ಎರಡು ಗಂಟೆಯ ಆಮೇಲೆ ಹೋದರೆ ಅನ್ನ-ಸಾರೇ ಗತಿ.

ಬೋನಾಳ ಪಕ್ಷಿಧಾಮ ಸುರಪುರದಿಂದ ಹತ್ತು-ಹನ್ನೆರಡು ಕಿಲೋಮೀಟರ್. ಸುರಪುರದ ನಾಯಕ ಅರಸರ ಕಾಲದ ಕೆರೆ. ಬೆಳಗಿನ ಬಸ್ಸು ನಂಬಿ ಕೂತರೆ ಬೆಳಕು ಕೈತಪ್ಪುತ್ತದೆ, ಹಿಂದಿನ ಸಂಜೆಯೇ ಆಟೋ ಮಾತಾಡಿ. ಮಾತಾಡುವಾಗ ಹೋಗುವುದಕ್ಕೆ ಇಷ್ಟು, ಕಾಯುವುದಕ್ಕೆ ಇಷ್ಟು, ಬರುವುದಕ್ಕೆ ಇಷ್ಟು ಎಂದು ಬಿಡಿಸಿ ಹೇಳಿ. ಪೂರ್ತಿ ರೊಕ್ಕ ಮೊದಲೇ ಕೊಟ್ಟರೆ ಆಟೋ ವಾಪಸ್ ಬರುವ ಖಾತ್ರಿ ಇಲ್ಲ, ಹನ್ನೆರಡರ ಬಿಸಿಲಿನಲ್ಲಿ ಹತ್ತು ಕಿಲೋ ಭಾರದ ಬ್ಯಾಗು ಹೊತ್ತು ರಸ್ತೆಗೆ ನಡೆಯಬೇಕಾಗುತ್ತದೆ.

ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವಂಥವು. ಅವನ್ನೇ ನೋಡಲು ಬಂದವರು ಆರಕ್ಕೆ ಕೆರೆ ಖಾಲಿ ಕಂಡು ಬೈದುಕೊಂಡು ಹೊರಟುಬಿಡುತ್ತಾರೆ. ತಡೆಯಿರಿ. ಅವು ರಾತ್ರಿ ಸುತ್ತಲ ಹೊಲಗದ್ದೆಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಗುಂಪುಗುಂಪಾಗಿ ನೀರಿಗೆ ಇಳಿಯುತ್ತವೆ. ಹಕ್ಕಿ ಇಳಿಯುವುದು ಯಾವಾಗಲೂ ಗಾಳಿಗೆ ಎದುರಾಗಿ. ಚಳಿಗಾಲದ ಗಾಳಿ ಇಲ್ಲಿ ಹೆಚ್ಚಾಗಿ ಮೂಡಣ, ಈಶಾನ್ಯದಿಂದ. ಬೆಳಗಿನ ಸೂರ್ಯನೂ ಅದೇ ಕಡೆ. ಎರಡೂ ನಿಮ್ಮ ಬೆನ್ನಿಗೆ ಬರುವ ದಂಡೆ ಹಿಡಿದು ಕೂತರೆ ಬಾತುಗಳು ರೆಕ್ಕೆ ಬಿಚ್ಚಿ, ಕಾಲು ಚಾಚಿ, ನಿಮ್ಮ ಮುಖಕ್ಕೇ ಇಳಿಯುತ್ತವೆ. 1/1600 ಸೆಕೆಂಡ್, ನಿರಂತರ ಫೋಕಸ್. ಬೆಳ್ಳಗಿನ ಕೆಂಬರಲು, ಬಣ್ಣದ ಕೊಕ್ಕರೆಗಳಿಗೆ ಮೈನಸ್ 1ರವರೆಗೂ ಇಳಿಸಿ, ಇಲ್ಲದಿದ್ದರೆ ಗರಿಯ ಬದಲು ಸುಣ್ಣ ಕಾಣುತ್ತದೆ. ಜೊಂಡಿನೊಳಗಿನ ನೇರಳೆ ಜಂಬುಕೋಳಿಗೆ ಅವಸರವಿಲ್ಲ, ಕೂತಲ್ಲಿಗೇ ಬರುತ್ತದೆ. ತೆಪ್ಪದವರಿಗೆ ರೊಕ್ಕ ಕೊಟ್ಟು ಹಿಂಡನ್ನು ಎಬ್ಬಿಸುವವರನ್ನು ಕಂಡರೆ ಮಾತ್ರ ಸುಮ್ಮನಿರಬೇಡಿ. ಅಷ್ಟು ದೂರ ಹಾರಿ ಬಂದ ಹಕ್ಕಿಗೆ ಹಗಲಿನ ಆ ನಿದ್ದೆಯೇ ಆಸರೆ.

ಮಳೆ ಬಿದ್ದಿದ್ದರೆ ಎರಡು ದಿನ ಆ ಕಡೆ ಬೈಕ್ ಇಳಿಸಬೇಡಿ. ಎರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ನೂರು ಮೀಟರಿನೊಳಗೆ ಚಕ್ರ ನಿಲ್ಲಿಸುತ್ತದೆ, ಕಡ್ಡಿಯಿಂದ ಕೆರೆದು ತೆಗೆಯಬೇಕು. ದಂಡೆಯಲ್ಲಿ ಮಲಗಿ ತೆಗೆಯುವವರು ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಸಿಕೊಳ್ಳಿ. ಮಣ್ಣು ಲೆನ್ಸಿನ ಮೈಗೆ ಹತ್ತಿದರೆ ಒದ್ದೆಯಿದ್ದಾಗ ಒರೆಸಬೇಡಿ, ಸಂದಿಗೆಲ್ಲ ಇಳಿಯುತ್ತದೆ. ಯಾದಗಿರಿ ಸ್ಟೇಷನ್ನು ಮುಟ್ಟುವವರೆಗೆ ಒಣಗಲು ಬಿಡಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ. ಮುಂದಿನ ಗಾಜಿಗೆ ಮಾತ್ರ ಆ ಬ್ರಷ್ಷು ತಾಗಿಸಬೇಡಿ.